ಬಂಗಡೆ ಸಾರು ಮತ್ತು ಪಂಚಶೀಲ

(ಗುರುತು ಸಿಗದಂತೆ ಹೆಸರು ಮತ್ತು ಕೆಲವು ವಿವರಗಳನ್ನು ಬದಲಿಸಿದೆ.)

ಸುಮಾ, ವಯಸ್ಸು 43. ಕುಮಟಾ ತಾಲೂಕಿನ ಕರಾವಳಿಯವರು, ಅಂಗನವಾಡಿ ಕಾರ್ಯಕರ್ತೆ. ಗಂಡ ತದಡಿ ಬಂದರಿನಲ್ಲಿ ಒಂದು ಬೋಟಿಗೆ ಪಾಲುದಾರ. ಆಪ್ತಸಮಾಲೋಚನೆಗೆಂದು ನನ್ನಲ್ಲಿಗೆ ಕರೆತಂದವರು ಅವರೇ. "ಬುದ್ಧ ಬುದ್ಧ ಅಂತ ಮನೇಲಿ ಮೀನು ಬಂದ್ ಮಾಡಿದ್ದಾಳೆ ಮೇಡಂ. ನಾಳೆ ತಲೆ ಬೋಳಿಸ್ಕಂಡು ಮುಂಡಗೋಡಿಗೆ ಹೋಗ್ತಾಳೆ ಅಂತ ಆಯಿ ಅಳ್ತದೆ."

ಮುಂಡಗೋಡಿನ ಟಿಬೆಟನ್ ಮಠಗಳಿಗೆ ಸುಮಾ ಹೋಗಿದ್ದು ಒಮ್ಮೆ ಮಾತ್ರ. ಅಲ್ಲಿನ ಭಾಷೆ, ಪೂಜೆ ತನ್ನದೆನಿಸಲಿಲ್ಲವಂತೆ. ಊರಿನ ಭಜನಾ ಮಂಡಳಿಯ ಜಗಳಗಳನ್ನು ಕಂಡವರು, ಇನ್ನೊಂದು ಗುಂಪು ಬೇಡ ಎನ್ನುತ್ತಾರೆ. ಹತ್ತು ದಿನದ ವಿಪಶ್ಯನ ಧ್ಯಾನ ಶಿಬಿರವೊಂದರಲ್ಲಿ ಕಲಿತದ್ದು, ಉಳಿದದ್ದು ಪುಸ್ತಕ ಮತ್ತು ಮೊಬೈಲು. ಇದರಲ್ಲಿ ತಪ್ಪೇನೂ ಇಲ್ಲ ಎಂದು ಗಂಡನಿಗೆ ಮೊದಲೇ ಹೇಳಿದೆ. ಕೊಲ್ಲದಿರುವುದು, ಕದಿಯದಿರುವುದು ಮುಂತಾದ ಐದು ನಿಯಮಗಳ ಪಂಚಶೀಲ ಇರುವುದೇ ಸಂಸಾರಸ್ಥರಿಗೆ, ಮನೆ ಬಿಡಬೇಕಿಲ್ಲ. ಮದುವೆ ಅಸಿಂಧುವಾದೀತೇ ಎಂಬ ಭಯವೂ ಅವರಿಗಿತ್ತು. 1955ರ ಹಿಂದೂ ವಿವಾಹ ಕಾಯ್ದೆ ಬೌದ್ಧರಿಗೂ ಅನ್ವಯಿಸುತ್ತದೆ ಎಂದಾಗ ಸ್ವಲ್ಪ ಸಡಿಲಾದರು.

ನನಗೆ ಚಿಂತೆಯಾದದ್ದು ಬೇರೆ. ಸುಮಾ ಏಳುವುದು ಮೂರೂವರೆಗೆ, ನಿದ್ದೆ ನಾಲ್ಕೇ ತಾಸು. ಸಿಟ್ಟು ಬಂದರೆ ಇನ್ನೂ ಹೆಚ್ಚು ಹೊತ್ತು ಧ್ಯಾನಕ್ಕೆ ಕೂರುತ್ತಾರೆ, ಆ ದಿನ ಯಾರೊಡನೆಯೂ ಮಾತಿಲ್ಲ. ನಿಯಮ ಮಾಡಿದವರು ಅವರೇ, ಪಾಲಿಸುವವರೂ ಅವರೇ. "ಸಾಕು ಮಾರಾಯ್ತಿ" ಎನ್ನುವವರು ಯಾರೂ ಇಲ್ಲ. ಹಸಿವು, ತೂಕ, ಸಾವಿನ ಯೋಚನೆ, ಕಿವಿಯಲ್ಲಿ ದನಿ ಕೇಳಿಸುವುದು, ಎಲ್ಲ ವಿಚಾರಿಸಿದೆ. ಕೆಟ್ಟದ್ದು ನಿದ್ದೆಯೊಂದೇ. ಉಳಿದವುಗಳಲ್ಲಿ ಯಾವುದಾದರೂ ಇದ್ದಿದ್ದರೆ ಧ್ಯಾನ ನಿಲ್ಲಿಸಿ ಮೊದಲು ಮನೋವೈದ್ಯರಲ್ಲಿಗೆ ಕಳಿಸುತ್ತಿದ್ದೆ.

ಧರ್ಮ ಹೇಳುವುದು ನನ್ನ ಕೆಲಸವಲ್ಲ. ಆದರೂ ಅವರು ನಂಬಿದ ಕಡೆಯಿಂದಲೇ ಮಾತು ತೆಗೆದೆ. ಭಿಕ್ಷುಗಳು ಜೀವಮಾನವಿಡೀ ಮೀನು, ಮಾಂಸ ಮುಟ್ಟಬಾರದೆಂದು ಬುದ್ಧನಿಗೆ ಎದುರು ನಿಂತ ಭಿಕ್ಷು ದೇವದತ್ತ ಹಟ ಹಿಡಿದಾಗ ಬುದ್ಧ ಒಪ್ಪಲಿಲ್ಲ. ತನಗಾಗಿಯೇ ಕೊಂದದ್ದೆಂದು ಕಂಡಿರದಿದ್ದರೆ, ಕೇಳಿರದಿದ್ದರೆ, ಸಂಶಯವೂ ಇರದಿದ್ದರೆ ತಿನ್ನಬಹುದೆಂದ. ಆದರೆ ಬೌದ್ಧರದೇ ಇನ್ನೊಂದು ಪಂಥ ಮಹಾಯಾನದ ಲಂಕಾವತಾರ ಸೂತ್ರ ಮಾಂಸ ಬೇಡವೇ ಬೇಡ ಎನ್ನುತ್ತದೆ. ಹಾಗಾಗಿ ಬಿಡುವುದು ನಿಮ್ಮಿಷ್ಟ, ಅತ್ತೆಯ ಒಲೆ ಆರಿಸುವುದು ಬೇರೆ ಮಾತು ಎಂದೆ. ಉಪಾಲಿಯ ಕಥೆಯನ್ನೂ ಹೇಳಿದೆ: ಜೈನ ಅನುಯಾಯಿಯಾಗಿದ್ದ ಈ ಗೃಹಸ್ಥ ಬುದ್ಧನಿಗೆ ಶರಣಾದಾಗ, ನಿನ್ನ ಮನೆಯಲ್ಲಿ ಇಷ್ಟು ಕಾಲ ಉಂಡ ನಿಗಂಠರಿಗೆ, ಅಂದರೆ ಜೈನ ಮುನಿಗಳಿಗೆ, ಭಿಕ್ಷೆ ನಿಲ್ಲಿಸಬೇಡ ಎಂದನಂತೆ ಬುದ್ಧ. ಸುಮಾ ನಕ್ಕುಬಿಟ್ಟರು. "ಹಂಗಾರೆ ಅತ್ತೆಯ ಬಂಗಡೆ ಸಾರು ಭಿಕ್ಷೆ ಅಂತ ತಿಳ್ಕಂಬೂದಾ?"

ಕೊಟ್ಟ ಸಲಹೆ ಇಷ್ಟು. ಐದಕ್ಕೆ ಮೊದಲು ಏಳಬಾರದು. ಧ್ಯಾನ ಬೆಳಿಗ್ಗೆ, ಸಂಜೆ ಅರ್ಧರ್ಧ ತಾಸು ಸಾಕು; ಮೌನ ಆ ಹೊತ್ತಿಗೆ ಮಾತ್ರ. ಮೀನಿನ ಅಡುಗೆ ಅತ್ತೆ ಮಾಡಲಿ, ರಾತ್ರಿ ಊಟಕ್ಕೆ ಎಲ್ಲರೂ ಒಟ್ಟಿಗೆ ಕೂರಲಿ, ಗಂಡ ಗೇಲಿ ಮಾಡಬಾರದು. ಗುಂಪು ಸೇರದಿದ್ದರೆ ಬೇಡ, ಒಬ್ಬ ಒಡನಾಡಿಯಾದರೂ ಇರಲಿ. ಒಳ್ಳೆಯ ಸ್ನೇಹ ಈ ದಾರಿಯ ಅರ್ಧಭಾಗ ಎಂದ ಶಿಷ್ಯ ಆನಂದನಿಗೆ, ಅರ್ಧವಲ್ಲ, ಪೂರ್ತಿ ಅದೇ ಎಂದಿದ್ದನಲ್ಲ ಬುದ್ಧ. ಶಿಬಿರದಲ್ಲಿ ಪರಿಚಯವಾದ ಶಿರಸಿಯ ಹಿರಿಯಕ್ಕನೊಬ್ಬರಿಗೆ ಹದಿನೈದು ದಿನಕ್ಕೊಮ್ಮೆ ಫೋನ್ ಮಾಡಲು ಒಪ್ಪಿದರು.

ಎರಡನೇ ಭೇಟಿಯಲ್ಲಿ ನಿಜವಾದ ಮುಳ್ಳು ಹೊರಬಿತ್ತು. ಉಪಾಸಕರು, ಅಂದರೆ ಬುದ್ಧನ ಗೃಹಸ್ಥ ಅನುಯಾಯಿಗಳು, ಮಾಡಬಾರದ ಐದು ವ್ಯಾಪಾರಗಳಲ್ಲಿ ಶಸ್ತ್ರ, ಮದ್ಯ, ವಿಷದ ಜೊತೆ ಪ್ರಾಣಿ ಮತ್ತು ಮಾಂಸವೂ ಇದೆ. ಗಂಡನ ದುಡಿಮೆಯ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಹೇಳಲು ಬಾಯಿ ಬಂದಿರಲಿಲ್ಲ. ಇದಕ್ಕೆ ನಾನು ತೀರ್ಪು ಕೊಡಲಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಮೀನುಗಾರಿಕೆ ನಿಷೇಧ. ಬೋಟು ದಡದಲ್ಲಿ, ಗಂಡ ಮನೆಯಲ್ಲಿ. ಆಗ ಅವರಿಗೆ ನೇರವಾಗಿ ಹೇಳಿ ಎಂದೆ.

ಹೇಳಿದ್ದಾರೆ. ಸಾಲ ತೀರುವವರೆಗೆ ಪಾಲು ಬಿಡುವ ಮಾತೇ ಇಲ್ಲ ಎಂದಿದ್ದಾರೆ ಅವರು. ಸುಮಾ ತಮ್ಮ ಊಟದ ಖರ್ಚನ್ನು ತಮ್ಮ ಗೌರವಧನದಲ್ಲೇ ನೋಡಿಕೊಳ್ಳುತ್ತಿದ್ದಾರೆ. ಗಂಡನಿಗೆ ಅದೊಂದು ಸಿಟ್ಟು ಉಳಿದಿದೆ, ಮುಂದಿನ ಸಲ ಅದಕ್ಕಾಗಿಯೇ ಇಬ್ಬರೂ ಬರುತ್ತಾರೆ.