45 ದಿನದ ನಾಯಿಮರಿ ಮನೆಗೆ ಬರುತ್ತಿದೆ, ಏನೇನು ತಂದಿಟ್ಟುಕೊಳ್ಳಬೇಕು?

ಮುಂದಿನ ಭಾನುವಾರ 45 ದಿನದ ಲ್ಯಾಬ್ (ಲ್ಯಾಬ್ರಡಾರ್) ಮರಿ ತರುತ್ತಿದ್ದೇವೆ, ಮನೆಯಲ್ಲಿ ಇದೇ ಮೊದಲ ನಾಯಿ, ಬೆಲ್ಟು, ಬಟ್ಟಲು, ಹಾಸಿಗೆ ಬಿಟ್ಟು ಇನ್ನೇನು ಬೇಕು ಅಂತ ಕೇಳಿದ್ದೀರಿ. ಮೊದಲು ಆ ಭಾನುವಾರವನ್ನೇ ಎರಡು ವಾರ ಮುಂದೆ ಹಾಕಿ. 8 ವಾರ ತುಂಬದ ಮರಿಯನ್ನು ಮಾರುವ ಹಾಗಿಲ್ಲ ಅಂತ 2017ರ ಕೇಂದ್ರ ಸರ್ಕಾರದ ನಿಯಮದಲ್ಲೇ ಇದೆ. ಮಾರುವವರು ಮಾತ್ರ "ಚಿಕ್ಕದಿದ್ದಾಗಲೇ ತಗೊಂಡ್ರೆ ಬೇಗ ಹೊಂದ್ಕೊಳ್ಳುತ್ತೆ ಸಾರ್" ಅನ್ನುತ್ತಾರೆ. ಎರಡು ವಾರದ ಊಟದ ಖರ್ಚು ಉಳಿಯುವುದು ಅವರಿಗೆ, ಅಲ್ವಾ? ಮರಿಗಳು ಒಂದರ ಮೇಲೊಂದು ಬಿದ್ದು ಕಚ್ಚಾಡುವಾಗಲೇ ಎಷ್ಟು ಕಚ್ಚಿದರೆ ನೋವಾಗುತ್ತದೆ ಅಂತ ಕಲಿಯುತ್ತವೆ. ಆ ಪಾಠ ಅಲ್ಲಿ ಆಗದಿದ್ದರೆ ನಿಮ್ಮ ಮನೆಯಲ್ಲಿ, ನಿಮ್ಮ ಕಾಲಿನ ಮೇಲೆ ಆಗುತ್ತದೆ.

ಇನ್ನು ಸಾಮಾನಿನ ವಿಷಯ. ನಾನೂ ನಿಮ್ಮ ಹಾಗೆಯೇ ಅಂಗಡಿಗೆ ಹೋಗಿ ಚೀಲ ತುಂಬಾ ತಂದಿದ್ದೆ. ಬಣ್ಣದ ಬೆಲ್ಟು ಕೂಡ. ಆ ಬೆಲ್ಟೇ ನಮಗೆ ಮುಳುವಾಯಿತು.

ಅದು ನಮ್ಮ ಮೊದಲ ಮರಿ, ಗುಂಡ. ಮೊದಲ ಇಂಜೆಕ್ಷನ್ ಆಗಿ ಮೂರು ದಿನಕ್ಕೆ ಮಗ ಹೊಸ ಬೆಲ್ಟು ಕಟ್ಟಿ ಬೀದಿ ಕೊನೆಯ ಖಾಲಿ ಸೈಟಿಗೆ ಕರೆದುಕೊಂಡು ಹೋದ, ಬೇರೆ ನಾಯಿಗಳು ಓಡಾಡುವ ಜಾಗ ಅದು, ನಾನೂ ಹಿಂದೆಯೇ ಹೋಗಿ ಫೋಟೊ ತೆಗೆದೆ, ಇಂಜೆಕ್ಷನ್ ಆಗಿದೆಯಲ್ಲ ಅನ್ನುವ ಧೈರ್ಯ. ವಾರದೊಳಗೆ ಗುಂಡ ಊಟ ಬಿಟ್ಟ. ಮಾರನೇ ದಿನ ವಾಂತಿ. ಸಂಜೆ ಹೊತ್ತಿಗೆ ರಕ್ತ ಬೆರೆತ ಭೇದಿ, ಆ ವಾಸನೆ ಒಂದು ಸಲ ಮೂಗಿಗೆ ಬಡಿದರೆ ಮರೆಯುವಂಥದ್ದಲ್ಲ. ಮೂರು ದಿನ ಡ್ರಿಪ್ ಹಾಕಿಸಿದೆವು. ನಾಲ್ಕನೇ ದಿನ ಬೆಳಿಗ್ಗೆ ಹೋದ. ಪಾರ್ವೊ ಅನ್ನುವ ವೈರಸ್ ರೋಗ.

ನನಗೆ ಆಗ ಗೊತ್ತಿಲ್ಲದ ವಿಷಯ ಇದು. ತಾಯಿ ಹಾಲಿನಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿ ಇರುವಷ್ಟು ದಿನ ಇಂಜೆಕ್ಷನ್ ಸರಿಯಾಗಿ ಹಿಡಿಯುವುದಿಲ್ಲ. ಆ ರಕ್ಷಣೆ ಯಾವಾಗ ಇಳಿಯುತ್ತದೆ ಅನ್ನುವುದು ಒಂದೊಂದು ಮರಿಗೆ ಒಂದೊಂದು ಥರ. ಅದಕ್ಕೇ 6ರಿಂದ 8 ವಾರಕ್ಕೆ ಶುರು ಮಾಡಿ, 3-4 ವಾರಕ್ಕೊಮ್ಮೆ, 16 ವಾರ ತುಂಬುವವರೆಗೆ ಮತ್ತೆ ಮತ್ತೆ ಹಾಕಿಸುವುದು. ಒಂದು ಹಾಕಿಸಿ ಆಯ್ತು ಅಂದುಕೊಂಡರೆ ಏನೂ ಆಗಿಲ್ಲ ಅಂತಲೇ ಲೆಕ್ಕ. ಮೂರು ತಿಂಗಳಿಗೆ ರೇಬಿಸ್‌ದು ಬೇರೆ. ಜಂತುಹುಳದ ಔಷಧಿ ಎಷ್ಟು, ಯಾವಾಗ ಅಂತ ಡಾಕ್ಟರು ಮರಿಯ ತೂಕ ನೋಡಿ ಹೇಳುತ್ತಾರೆ.

ಹಾಗಂತ ಅಷ್ಟು ದಿನ ಬಾಗಿಲು ಹಾಕಿಕೊಂಡು ಕೂರಿಸಬೇಡಿ, ಆಮೇಲೆ ಆಟೋ ಸದ್ದಿಗೂ ಮಂಚದ ಕೆಳಗೆ ಓಡುವ ನಾಯಿ ಆಗುತ್ತದೆ. ಎತ್ತಿಕೊಂಡು ಹೋಗಿ. ಸ್ಕೂಟರು, ತರಕಾರಿ ಗಾಡಿ, ಮಕ್ಕಳ ಗಲಾಟೆ ಎಲ್ಲ ತೋಳಿನ ಮೇಲಿಂದಲೇ ನೋಡಲಿ, ಕಾಲು ಮಾತ್ರ ಬೀದಿಯ ನೆಲ ಮುಟ್ಟಬಾರದು. ನಿಮ್ಮ ಚಪ್ಪಲಿಯೂ ಹೊರಗೇ ಇರಲಿ. ಪಾರ್ವೊ ವೈರಸ್ಸು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ, ಚಪ್ಪಲಿಗೆ ಅಂಟಿಕೊಂಡು ಒಳಗೆ ಬರುತ್ತದೆ. ನಾವು ನೆಲವನ್ನೆಲ್ಲ ಬ್ಲೀಚ್ ನೀರಿನಲ್ಲಿ ತೊಳೆದು, ಒಂದು ವರ್ಷ ಬಿಟ್ಟು, ಇಂಜೆಕ್ಷನ್ ಎಲ್ಲ ಮುಗಿದಿದ್ದ ನಾಯಿಯನ್ನೇ ತಂದೆವು. ಬೀದಿಯಲ್ಲಿ ಹುಟ್ಟಿದವಳು, ಕಂದು ಬಣ್ಣ, ಹೆಸರು ಕೆಂಚಿ. ಈಗ ಐದು ವರ್ಷ.

ಊಟದ ವಿಷಯದಲ್ಲಿ ನಮ್ಮ ಕಡೆ ಎಲ್ಲರೂ ಹೇಳುವುದು ಹಾಲು-ಅನ್ನ. ಹಸುವಿನ ಹಾಲು ಎಷ್ಟೋ ಮರಿಗಳಿಗೆ ಭೇದಿ ಹಿಡಿಸುತ್ತದೆ. ಮೊದಲ ವಾರ, ಮಾರುವವರ ಹತ್ತಿರ ಏನು ತಿನ್ನುತ್ತಿತ್ತೋ ಅದನ್ನೇ, ದಿನಕ್ಕೆ ನಾಲ್ಕು ಸಲ ಕೊಡಿ. ಬದಲಾಯಿಸುವುದಿದ್ದರೆ ಸ್ವಲ್ಪ ಸ್ವಲ್ಪ ಬೆರೆಸುತ್ತಾ ಬದಲಾಯಿಸಿ. ಬರೀ ಮೊಸರನ್ನದಲ್ಲಿ ಲ್ಯಾಬ್ ಬೆಳೆಯುವುದಿಲ್ಲ, ಮಾಂಸವೋ ಮೊಟ್ಟೆಯೋ ಬೇಕು, ಇಲ್ಲವೆಂದರೆ ಮರಿಗಳಿಗೆಂದೇ ಬರುವ ಒಳ್ಳೆಯ ಪ್ಯಾಕೆಟ್ ಆಹಾರ. ನಮ್ಮದು ಮೊಟ್ಟೆ ಒಳಗೆ ಬಾರದ ಮನೆ. ಅಜ್ಜಿ ಒಂದು ವಾರ ಮಾತು ಬಿಟ್ಟರು. ಆಮೇಲೆ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಒಂದು ಹಳೇ ಸೀಮೆಎಣ್ಣೆ ಸ್ಟೌವು ಬಂತು. ಈಗ ಕೆಂಚಿಗೆ ಮೊಟ್ಟೆ ಬೇಯಿಸುವುದು ಅಜ್ಜಿಯೇ, ಕಣ್ಣು ಬೇರೆ ಕಡೆ ತಿರುಗಿಸಿಕೊಂಡು ಸಿಪ್ಪೆ ಸುಲಿಯುತ್ತಾರೆ. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟು ಬೇಡವೇ ಬೇಡ, ಸಾರಿನನ್ನ ಹಾಕುವ ಮನೆಗಳಲ್ಲಿ ಈರುಳ್ಳಿ ಸೇರಿಹೋಗಿರುವುದು ನೆನಪಿಗೇ ಬರುವುದಿಲ್ಲ. ಜ್ವರ ಬಂತು ಅಂತ ನಿಮ್ಮ ಮಾತ್ರೆ ಕೊಡಬೇಡಿ.

ಉಚ್ಚೆ ವಿಷಯಕ್ಕೆ ಯಾರೂ ಬೈಯಬೇಡಿ, ಮೂಗು ಉಜ್ಜಬೇಡಿ. ಎದ್ದ ತಕ್ಷಣ, ಉಂಡ ತಕ್ಷಣ, ಆಡಿದ ತಕ್ಷಣ ಎತ್ತಿಕೊಂಡು ಹೋಗಿ ಪ್ರತಿ ಸಲ ಒಂದೇ ಜಾಗದಲ್ಲಿ ಬಿಡಿ. ಮಾಡಿದರೆ ಅಲ್ಲೇ ಒಂದು ಚೂರು ತಿಂಡಿ. ಎರಡು ತಿಂಗಳ ಮರಿ ಎರಡು ಗಂಟೆ ತಡೆದರೆ ಜಾಸ್ತಿ, ರಾತ್ರಿ ಒಂದೆರಡು ಸಲ ನೀವೇ ಏಳಬೇಕು. ಫಿನಾಯಿಲ್ ಹಾಕಿ ಒರೆಸಿದ ನೆಲ ಪೂರ್ತಿ ಒಣಗುವ ತನಕ ಮರಿಯನ್ನು ಬಿಡಬೇಡಿ, ಪಾದ ನೆಕ್ಕಿಕೊಳ್ಳುತ್ತದೆ. ಮತ್ತೆ ಒಂದು ಮಾತು, ಮರಿ ತಾನೇ ಅಂತ ಅಸಡ್ಡೆ ಬೇಡ: ಹಲ್ಲು ತಾಗಿ ಚರ್ಮ ಕಿತ್ತುಬಂದರೆ ಸೋಪು ಹಾಕಿ 15 ನಿಮಿಷ ನಲ್ಲಿ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಹೋಗಿ.

ಹಾಸಿಗೆ ಕೊಳ್ಳುವುದು ನಿಮ್ಮಿಷ್ಟ. ಕೆಂಚಿಗೆ ತಂದ ಹಾಸಿಗೆ ಈಗ ಅಟ್ಟದ ಮೇಲಿದೆ, ಅವಳು ಮಲಗುವುದು ಅಜ್ಜಿಯ ಹಳೇ ಸೀರೆಯ ಮೇಲೆ. ನೀವು ಮರಿ ತರಲು ಹೋಗುವಾಗ ಒಂದು ಹಳೇ ಟವೆಲ್ ತೆಗೆದುಕೊಂಡು ಹೋಗಿ, ತಾಯಿ ಮೈಗೆ ಚೆನ್ನಾಗಿ ಉಜ್ಜಿ ತನ್ನಿ. ಮೊದಲ ನಾಲ್ಕೈದು ರಾತ್ರಿ ಅದನ್ನು ಮರಿಯ ಪಕ್ಕ, ಮರಿಯನ್ನು ನಿಮ್ಮ ಮಂಚದ ಪಕ್ಕ ಇಡಿ, ಅಳು ಅರ್ಧ ಕಡಿಮೆ ಆಗುತ್ತದೆ. ಬರುವಾಗ ಕಾರಿನಲ್ಲಿ ವಾಂತಿ ಮಾಡಬಹುದು, ಅದಕ್ಕೆ ಬೇರೆ ಟವೆಲ್ ಇರಲಿ.