ಗಾಡಿ ಪ್ರಶ್ನೋತ್ತರ: ಹಳೇ ಹಾಟ್ ಹ್ಯಾಚ್ ಮೇಲೆ ಮನಸಾಗಿದೆ, ತಗೊಳ್ಲಾ?

ಈ ಸಲ ಬಂದಿರೋ ಪತ್ರಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯ. ಹಳೇ ಕಾಲದ ಜೋರು ಹ್ಯಾಚ್‌ಬ್ಯಾಕ್ ಒಂದನ್ನ ಮನೆಗೆ ತಂದು, ಶನಿವಾರ ಭಾನುವಾರ ಕೈ ಮಸಿ ಮಾಡ್ಕೊಂಡು ರೆಡಿ ಮಾಡ್ಬೇಕು ಅಂತ ಎಲ್ರಿಗೂ ಆಸೆ. ಹಂಗಾಗಿ ಬೇರೆ ಪ್ರಶ್ನೆಗಳನ್ನ ಮುಂದಿನ ಸಂಚಿಕೆಗೆ ತಳ್ಳಿ ಇವತ್ತು ಪೂರ್ತಿ ಇದೇ.

ಪ್ರಶ್ನೆ: ಅಣ್ಣಾ ನಮಸ್ಕಾರ. ವಯಸ್ಸು 26, ದಿನಾ ಕೆಲಸಕ್ಕೆ ಹೋಗೋಕೆ ಬೈಕ್ ಇದೆ. ಮೂರು ಲಕ್ಷ ಕೂಡಿಟ್ಟಿದೀನಿ. ಸಣ್ಣೋನಿದ್ದಾಗ ನಮ್ಮ ಮಾವನ ಹತ್ರ ಫಿಯಟ್ ಪಾಲಿಯೊ 1.6 ಇತ್ತು, ಅವಾಗಿಂದ ಅದರ ಹುಚ್ಚು. ಫ್ರೆಂಡ್ಸು ಹಳೇ ಸ್ವಿಫ್ಟ್ 1.3 ತಗೋ ಅಂತಾರೆ, ಇನ್ನೊಬ್ಬ ಫಿಯಟ್ ಪುಂಟೊ ಅಬಾರ್ತ್ ಬಿಟ್ಟು ಬೇರೆ ನೋಡ್ಲೇಬೇಡ ಅಂತಾನೆ. ಒಂದು ಪಾಲಿಯೊ ನೋಡ್ಕೊಂಡು ಬಂದೆ, ಅಲಾಯ್, ಲೋವರಿಂಗ್ ಸ್ಪ್ರಿಂಗ್ (ಗಾಡಿ ತಗ್ಗಿಸೋದು), ದೊಡ್ಡ ಸೈಲೆನ್ಸರ್ ಎಲ್ಲಾ ಆಗಿದೆ, ಆರ್‌ಸಿ ಮಾತ್ರ ಲ್ಯಾಪ್ಸ್ ಆಗಿದೆ, ಅದೇನ್ ದೊಡ್ಡ ವಿಷ್ಯ ಅಲ್ಲ ರಿನ್ಯೂ ಮಾಡಿಸ್ಕೋಬಹುದು ಅಂತಾರೆ ಓನರ್ರು. ಏನ್ ಮಾಡ್ಲಿ? — ದಾವಣಗೆರೆಯ ಓದುಗರು

ಉತ್ತರ: ಆ ಪಾಲಿಯೊ ಬಿಟ್ಬಿಡಿ ತಮ್ಮಾ. ಕಾರು ಕೆಟ್ಟದ್ದು ಅಂತಲ್ಲ, ಓನರ್ರು ದೊಡ್ಡ ವಿಷ್ಯ ಅಲ್ಲ ಅಂದ್ರಲ್ಲ, ಇರೋ ದೊಡ್ಡ ವಿಷ್ಯನೇ ಅದು. ಪ್ರೈವೇಟ್ ಕಾರಿಗೆ ಆರ್‌ಸಿ 15 ವರ್ಷ, ಆಮೇಲೆ ಐದೈದು ವರ್ಷಕ್ಕೆ ರಿನ್ಯೂ ಆಗ್ತಾ ಹೋಗ್ಬೇಕು, ಪ್ರತಿ ಸಲ ಗಾಡಿ ಆರ್‌ಟಿಒ ಇನ್‌ಸ್ಪೆಕ್ಟರ್ ಮುಂದೆ ನಿಲ್ಬೇಕು. ಲೋವರಿಂಗ್ ಸ್ಪ್ರಿಂಗು, ಕೂಗೋ ಸೈಲೆನ್ಸರ್ ಇಟ್ಕೊಂಡು ಹೋದ್ರೆ ವಾಪಸ್ ಕಳಿಸ್ತಾರೆ, ಅಂದ್ರೆ ನೀವು ಮೊದಲು ಕಂಪನಿ ಸ್ಪ್ರಿಂಗು, ಕಂಪನಿ ಸೈಲೆನ್ಸರ್ ಹುಡುಕಿ ಹಾಕ್ಬೇಕು, ಅದೂ ಪಾಲಿಯೊಗೆ! ಅವರಿಗೆ ಅಷ್ಟು ಸುಲಭ ಇದ್ದಿದ್ರೆ ಅವರೇ ಮಾಡ್ಸಿ ಇನ್ನೊಂದಿಷ್ಟು ಜಾಸ್ತಿ ರೇಟಿಗೆ ಮಾರ್ತಿದ್ರು. ಸರ್ಕಾರಿ ಫೀಸೇ ಕಾರಿಗೆ 5 ಸಾವಿರ, ಗಾಡಿ 20 ವರ್ಷ ದಾಟಿದ್ರೆ ಇನ್ನೂ ಜಾಸ್ತಿ, ಮೇಲೆ ಗ್ರೀನ್ ಟ್ಯಾಕ್ಸು, ತಡ ಆಗಿದ್ದಕ್ಕೆ ದಂಡ. ಆರ್‌ಸಿ ಇಲ್ದೆ ಇರೋ ಗಾಡಿ ರೋಡಲ್ಲಿ ಯಾರಿಗಾದ್ರೂ ತಗುಲಿದ್ರೆ ಇನ್ಶೂರೆನ್ಸ್ ಕಂಪನಿ ಕೈ ಎತ್ತೋಕೆ ಅಷ್ಟೇ ಸಾಕು.

ಅಬಾರ್ತ್ ವಿಷಯ ಬೇಗ ಮುಗಿಸ್ತೀನಿ. 2015ರಲ್ಲಿ ಬಂದಾಗ 10 ಲಕ್ಷದೊಳಗೆ 145 ಬಿಎಚ್‌ಪಿ (ಎಂಜಿನ್ ಶಕ್ತಿಯ ಅಳತೆ), ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕು, ಅಂಥ ಡೀಲ್ ಈ ದೇಶದಲ್ಲಿ ಅದಕ್ಕೆ ಮುಂಚೆ ಇರ್ಲಿಲ್ಲ, ಆಮೇಲೂ ಬರ್ಲಿಲ್ಲ ಅನ್ನೋದು ನನ್ನ ಅಭಿಪ್ರಾಯ. ಆದ್ರೆ ಮಾರಾಟ ಆಗಿದ್ದೇ ಕಮ್ಮಿ, ಬಿಎಸ್6 ಅನ್ನೋ ಹೊಗೆ ನಿಯಮ ಬರೋಷ್ಟರಲ್ಲಿ ಫಿಯಟ್ ಕಾರುಗಳೇ ಇಲ್ಲಿ ನಿಂತೋದ್ವು, ಇಟ್ಕೊಂಡಿರೋರು ಚಿನ್ನದ ರೇಟ್ ಹೇಳ್ತಾರೆ. ನಿಮ್ಮ ಮೂರು ಲಕ್ಷಕ್ಕೆ ಅಬಾರ್ತ್ ಸಿಕ್ತು ಅಂದ್ರೆ ಅದರಲ್ಲಿ ಏನೋ ಕಥೆ ಇದೆ ಅಂತಾನೇ ಅರ್ಥ.

ಇನ್ನು ಪಾಲಿಯೊನಾ ಸ್ವಿಫ್ಟಾ. ನಮ್ಮಲ್ಲಿ ಈ ಥರ ದೊಡ್ಡ ಎಂಜಿನ್ನಿನ ಚಿಕ್ಕ ಕಾರುಗಳು ಯಾಕೆ ಎಲ್ಲಾ ಹಳೇವೇ ಅಂತ ಯೋಚ್ನೆ ಮಾಡಿದೀರಾ? 2006ರ ಬಜೆಟ್ಟಲ್ಲಿ 4 ಮೀಟರ್ ಒಳಗಿನ ಉದ್ದ, ಪೆಟ್ರೋಲ್ ಆದ್ರೆ 1200 ಸಿಸಿ ಒಳಗಿನ ಎಂಜಿನ್ ಇದ್ರೆ ಅಬಕಾರಿ ಸುಂಕನ ಶೇ. 24ರಿಂದ 16ಕ್ಕೆ ಇಳಿಸಿದ್ರು. ಅವತ್ತಿಂದ ಹ್ಯಾಚ್‌ಬ್ಯಾಕಿಗೆ 1.3, 1.6 ಪೆಟ್ರೋಲ್ ಎಂಜಿನ್ ಹಾಕೋದು ಕಂಪನಿಗೆ ನಷ್ಟದ ಬಾಬತ್ತಾಯ್ತು. 2001ರಲ್ಲಿ ಬಂದ ಪಾಲಿಯೊ 1.6ಗೆ ಸುಮಾರು 100 ಬಿಎಚ್‌ಪಿ, 2005ರ ಸ್ವಿಫ್ಟ್ 1.3ಗೆ 87. ಆ ಸ್ವಿಫ್ಟೂ 2010ರಲ್ಲಿ ಬಿಎಸ್4 ಜೊತೆಗೆ 1.2 ಲೀಟರ್ ಕೆ-ಸೀರೀಸ್ ಎಂಜಿನ್ನಿಗೆ ಹೋಯ್ತು. ಅಂದ್ರೆ ನಿಮ್ ಮನಸಲ್ಲಿರೋ ಕಾರುಗಳು ಹುಟ್ಟಿದ್ದೇ ಐದಾರು ವರ್ಷದ ಒಂದು ಚಿಕ್ಕ ಕಿಟಕಿಯಲ್ಲಿ, ಅದಕ್ಕೇ ಈಗ ಒಳ್ಳೇದು ಸಿಗೋದು ಕಷ್ಟ.

ಪಾಲಿಯೊ ಓಡ್ಸೋಕೆ ಮಜಾ, ಸ್ಟೀರಿಂಗ್ ತೂಕ, ಹೈವೇಲಿ ನೆಲ ಕಚ್ಚಿ ಹೋಗೋ ರೀತಿ, ಬಾಗಿಲು ಹಾಕ್ದಾಗ ಬರೋ ಸೌಂಡು, ಸ್ವಿಫ್ಟಿಗೆ ಅದು ಇಲ್ಲ, ಒಪ್ತೀನಿ. ಆದ್ರೆ ಮೊದಲ್ನೇ ಪ್ರಾಜೆಕ್ಟಿಗೆ ನಾನು ಸ್ವಿಫ್ಟ್ ಕಡೆ. ಕಾರಣ ಒಂದೇ, ಕೈಗೆ ಸಿಗೋ ಪಾರ್ಟ್ಸು. ಅದರ ಎಂಜಿನ್ನು ಎಸ್ಟೀಮ್ ಮನೆತನದ್ದೇ, ದಾವಣಗೆರೆಲಿ ಯಾವ್ ಮೆಕ್ಯಾನಿಕ್ಕಿಗೆ ಬೇಕಾದ್ರೂ ಗೊತ್ತು, ಕ್ಲಚ್ ಪ್ಲೇಟು, ಟೈಮಿಂಗ್ ಬೆಲ್ಟು, ಲೋವರ್ ಆರ್ಮು, ಬುಶ್ಶು ಎಲ್ಲಾ ಅಂಗಡೀಲೇ ಇರುತ್ತೆ. ಪಾಲಿಯೊ ಆದ್ರೆ ನೀವು ಬೆಂಗಳೂರಿನ ಜೆಸಿ ರೋಡು, ಶಿವಾಜಿನಗರದ ಗುಜರಿ ಅಂತ ತಿರುಗಬೇಕಾಗುತ್ತೆ, ಫಿಯಟ್‌ನದ್ದೇ ಸೆಡಾನ್‌ಗಳಾದ ಸಿಯೆನಾ 1.6, ಪೆಟ್ರಾ 1.6 ಇಂದ ಬಿಚ್ಚಿದ್ದು ಕೂರುತ್ತೆ ನಿಜ, ಆದ್ರೆ ಒಂದು ಸೆನ್ಸರ್ರಿಗೆ ಅಂತ ಗಾಡಿ ಮೂರ್ನಾಲ್ಕು ತಿಂಗಳು ಮರದ ಕೆಳಗೆ ನಿಂತ್ರೆ ಹುಮ್ಮಸ್ಸೇ ಹೋಗ್ಬಿಡುತ್ತೆ. ನಿಂತಿರೋ ಗಾಡಿ ಓಡೋ ಗಾಡಿಗಿಂತ ಬೇಗ ಹಾಳಾಗುತ್ತೆ ಬೇರೆ. ಪಾಲಿಯೊ ಎರಡನೇ ಪ್ರಾಜೆಕ್ಟಾಗಿ ಇಟ್ಕೊಳ್ಳಿ.

ಈಗ ಸ್ವಿಫ್ಟ್ ನೋಡೋಕೆ ಹೋದಾಗ. ಹಿಂದಿನ ದಿನಾನೇ ಫೋನ್ ಮಾಡಿ, ನಾ ಬರೋವರ್ಗೂ ಗಾಡಿ ಸ್ಟಾರ್ಟ್ ಮಾಡ್ಬೇಡಿ ಅಂತ ಹೇಳಿ. ಹೋದ ತಕ್ಷಣ ಬಾನೆಟ್ ಮೇಲೆ ಕೈ ಇಡಿ, ಬೆಚ್ಚಗಿದ್ರೆ ಯಾಕೆ ಅಂತ ಕೇಳಿ. ಸ್ಟಾರ್ಟ್ ಮಾಡೋಕೆ ಅವರನ್ನ ಬಿಟ್ಟು ನೀವು ಸೈಲೆನ್ಸರ್ ಹಿಂದೆ ನಿಂತ್ಕೊಳ್ಳಿ. ಮೊದಲ ಒಂದೆರಡು ಸೆಕೆಂಡ್ ನೀಲಿ ಹೊಗೆ ಬಂದು ನಿಂತೋದ್ರೆ ವಾಲ್ವ್ ಸೀಲು ಸವೆದಿದೆ, ಆ ವಯಸ್ಸಿಗೆ ಸಹಜ, ರೇಟಲ್ಲಿ ಕಮ್ಮಿ ಕೇಳ್ಬಹುದು. ಓಡಿಸುವಾಗ ಆಕ್ಸಿಲರೇಟರ್ ಕೊಟ್ಟಾಗೆಲ್ಲಾ ನೀಲಿ ಬರ್ತಾನೇ ಇದ್ರೆ ಪಿಸ್ಟನ್ ರಿಂಗ್ಸು ಹೋಗಿದೆ, ಅದು ಎಂಜಿನ್ ಬಿಚ್ಚೋ ಕೆಲಸ. ಆಯಿಲ್ ಹಾಕೋ ಕ್ಯಾಪ್ ತೆಗೆದು ಒಳಗಡೆ ನೋಡಿ, ಮಜ್ಜಿಗೆ ಥರ ಬಿಳೀದು ಕಟ್ಕೊಂಡು ಜೊತೆಗೆ ಕೂಲೆಂಟೂ ಕಮ್ಮಿ ಆಗಿದ್ರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಹೆಡ್ಡಿಗೂ ಬ್ಲಾಕಿಗೂ ಮಧ್ಯೆ ಕೂರೋ ಸೀಲು) ಮೇಲೆ ಅನುಮಾನ ಪಡಿ. ಬಿಸಿ ಇರುವಾಗ ಮಾತ್ರ ರೇಡಿಯೇಟರ್ ಕ್ಯಾಪ್ ತೆಗೀಬೇಡಿ, ಮುಖಕ್ಕೇ ಚಿಮ್ಮುತ್ತೆ.

ಇಷ್ಟೆಲ್ಲಾ ಹೇಳಿದ್ರೂ ಎಂಜಿನ್ ವಿಷಯದಲ್ಲಿ ನಾನು ಅಷ್ಟು ತಲೆ ಕೆಡಿಸ್ಕೊಳಲ್ಲ, ಎಂಜಿನ್ ದುಡ್ಡು ಕೊಟ್ರೆ ಸರಿಯಾಗುತ್ತೆ. ಸರಿಯಾಗದೇ ಇರೋದು ಎರಡು, ಪೇಪರ್ರು ಮತ್ತೆ ಬಾಡಿ. ಡಿಕ್ಕಿ ಮ್ಯಾಟ್ ಎತ್ತಿ ಸ್ಟೆಪ್ನಿ ಹೊರಗೆ ತೆಗೀರಿ, ಆ ಗುಂಡಿಯಲ್ಲಿ ನೀರು ನಿಂತ ಗುರುತು, ತುಕ್ಕು, ಹೊಸದಾಗಿ ಹೊಡೆದ ಕಪ್ಪು ಪೇಂಟ್ ಏನಿದ್ರೂ ಹಿಂದಿಂದ ಗುದ್ದಿಸ್ಕೊಂಡಿದೆಯಾ ಅಂತ ಕೇಳಿ. ಬಾಗಿಲು ತೆಗೆದು ರಬ್ಬರ್ ಬೀಡಿಂಗನ್ನ ಮೆತ್ತಗೆ ಎಳೀರಿ, ಒಳಗೆ ತಗಡಿನ ಅಂಚಲ್ಲಿ ಒಂದೇ ಅಳತೆಯ ದುಂಡನೆ ಸ್ಪಾಟ್ ವೆಲ್ಡ್ ಗುಳಿಗಳು ಸಾಲಾಗಿ ಕಾಣ್ಬೇಕು. ಒಂದು ಕಡೆ ಕಂಡು ಇನ್ನೊಂದು ಕಡೆ ನುಣ್ಣಗೆ ಬಳ್ಕೊಂಡಿದ್ರೆ ಆ ಪಿಲ್ಲರ್ ಕತ್ತರಿಸಿ ಜೋಡಿಸಿದಾರೆ, ಮಾತಾಡ್ದೆ ಥ್ಯಾಂಕ್ಸ್ ಹೇಳಿ ಬನ್ನಿ. ಬಾನೆಟ್ ಕೆಳಗೆ ಶಾಕ್ ಅಬ್ಸಾರ್ಬರ್ ಮೇಲ್ತುದಿ ಕೂರೋ ಜಾಗದ ಸುತ್ತ ತುಕ್ಕು, ಏಪ್ರನ್ (ಎಂಜಿನ್ ಪಕ್ಕದ ತಗಡು) ಮೇಲೆ ಕಂಪನಿ ಪೇಸ್ಟಿಂಗ್ ಬದಲು ಕೈಯಲ್ಲಿ ಹಚ್ಚಿದ್ದು ಕಂಡ್ರೂ ಅದೇ ಮಾತು. ಬಣ್ಣ ಮಾಸಿದೆ, ಬಂಪರ್ ಒಡೆದಿದೆ, ಸೀಟ್ ಹರಿದಿದೆ, ಇವೆಲ್ಲಾ ನಿಮಗೆ ಲಾಭ, ನೋಡೋಕೆ ಚೆನ್ನಾಗಿಲ್ಲ ಅಂತ ಬೇರೆಯವರು ಬಿಟ್ಟು ಹೋಗ್ತಾರೆ.

ಪೇಪರ್ರಿಗೆ ಬಂದ್ರೆ, ಎಂಪರಿವಾಹನ್ ಆಪಲ್ಲಿ ನಂಬರ್ ಹಾಕಿ ಆರ್‌ಸಿ ಎಲ್ಲಿವರ್ಗೂ ಇದೆ, ಇನ್ಶೂರೆನ್ಸ್ ಇದೆಯಾ, ಲೋನ್ ಬಾಕಿ ತೋರಿಸುತ್ತಾ ನೋಡಿ, ಲೋನ್ ಇದ್ದು ತೀರ್ಸಿದ್ರೂ ಎಷ್ಟೋ ಜನ ಫಾರಂ 35 ಕೊಟ್ಟು ಆರ್‌ಸಿಯಿಂದ ಬ್ಯಾಂಕ್ ಹೆಸರು ತೆಗೆಸಿರಲ್ಲ. ಚಾಸಿ ನಂಬರ್ರು, ಎಂಜಿನ್ ನಂಬರ್ರು ಗಾಡಿ ಮೇಲೆ ಓದಿ ಆರ್‌ಸಿಗೆ ತಾಳೆ ಹಾಕಿ. 2008ರ ಗಾಡಿ ಸರಿಯಾಗಿ ರಿನ್ಯೂ ಆಗಿದ್ರೆ 2028ರವರೆಗೂ ಇರುತ್ತೆ, ಅಂಥದ್ದು ಸಿಕ್ರೆ ಹತ್ತಿಪ್ಪತ್ತು ಸಾವಿರ ಜಾಸ್ತಿ ಕೊಟ್ರೂ ಚಿಂತೆ ಇಲ್ಲ. ಓನರ್ ಹೆಸರು ಬದಲಾಯಿಸೋ ಫಾರಂ 29, 30ಕ್ಕೆ ಸೈನ್ ಆಗಿ ನಿಮ್ಮ ಹೆಸರಿಗೆ ಬಂದ ಮೇಲೇ ಸ್ಪ್ಯಾನರ್ ಕೈಗೆ ತಗೊಳ್ಳಿ.

ಮೂರು ಲಕ್ಷನೂ ಗಾಡಿಗೆ ಸುರೀಬೇಡಿ, ಒಂದು ಲಕ್ಷ ಪಕ್ಕಕ್ಕಿಡಿ. ಅದರಲ್ಲಿ ಮೊದಲ ಖರ್ಚು ಟೈಮಿಂಗ್ ಬೆಲ್ಟು (ಎಂಜಿನ್ ವಾಲ್ವುಗಳನ್ನ ಸರಿಯಾದ ಹೊತ್ತಿಗೆ ಆಡ್ಸೋ ಬೆಲ್ಟು), ಅದರ ಟೆನ್ಶನರ್ರು, ಹಿಂದಿನವರು ಬದಲಾಯಿಸಿದೀನಿ ಅಂದ್ರೂ ಬಿಲ್ ಇಲ್ಲ ಅಂದ್ರೆ ಬದಲಾಯಿಸಿಲ್ಲ ಅಂತಾನೇ ಲೆಕ್ಕ. ಆಮೇಲೆ ಬ್ರೇಕ್ ಪ್ಯಾಡು, ಬ್ರೇಕ್ ಆಯಿಲ್ಲು (ಅದು ಗಾಳಿಯಿಂದ ನೀರು ಹೀರ್ಕೊಳ್ಳುತ್ತೆ, ಎರಡು ವರ್ಷಕ್ಕೊಂದು ಸಲ ಬದಲಾಯಿಸ್ಲೇಬೇಕು), ಶಾಕ್ ಅಬ್ಸಾರ್ಬರ್ರು, ಬುಶ್ಶುಗಳು. ಪೆಟ್ರೋಲ್ ಹೋಗೋ ರಬ್ಬರ್ ಪೈಪುಗಳನ್ನೂ ಮರೀಬೇಡಿ, ಈಗ ಬಂಕಲ್ಲಿ ಸಿಗೋದು ಶೇ. 20 ಎಥನಾಲ್ ಇರೋ ಪೆಟ್ರೋಲು, ಆ ಕಾಲದ ರಬ್ಬರ್ರು ಅದಕ್ಕೆ ಮಾಡಿದ್ದಲ್ಲ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ, 2318 ಅಂತಿದ್ರೆ 2018ರ 23ನೇ ವಾರ, ಟೈರಿನ ಗೆರೆ ಎಷ್ಟೇ ಆಳ ಇದ್ರೂ ಅದು ಬದಲಾಯಿಸೋ ಟೈರೇ. ಇಷ್ಟು ಮಾಡ್ಸಿ ಓಡ್ಸಿ ನೋಡಿ, ಎಕ್ಸ್‌ಟ್ರಾ ಪವರ್ ಬೇಕು ಅನ್ನೋದು ಅರ್ಧ ಕಮ್ಮಿ ಆಗಿರುತ್ತೆ.

ಪ್ರಶ್ನೆ: ಸರ್, ದೆಹಲಿಯಲ್ಲಿ ಫೋಕ್ಸ್‌ವ್ಯಾಗನ್ ಪೋಲೊ ಜಿಟಿ ಟಿಎಸ್‌ಐ 2014ರದ್ದು ಇಲ್ಲಿಗಿಂತ ತುಂಬಾ ಚೀಪಾಗಿ ಇದೆ. ತಂದು ರಿಜಿಸ್ಟರ್ ಮಾಡಿಸ್ಲಾ? ಇದು ನನ್ನ ಫಸ್ಟ್ ಪ್ರಾಜೆಕ್ಟ್ ಕಾರು. — ಉಡುಪಿಯ ಓದುಗರು

ಉತ್ತರ: ಅಲ್ಲಿ ಪೆಟ್ರೋಲ್ ಗಾಡಿಗೆ 15 ವರ್ಷದ ಗಡಿ ಹಾಕಿದ್ರು, ಅದಕ್ಕೇ ರೇಟು ಬಿದ್ದಿದ್ದು. ಆದ್ರೆ ನೀವು ಅಲ್ಲಿಂದ ಎನ್‌ಒಸಿ ತರ್ಬೇಕು, ಇಲ್ಲಿ ಗಾಡಿ ವಯಸ್ಸು ನೋಡಿ ಲೈಫ್ ಟ್ಯಾಕ್ಸ್ ಕಟ್ಬೇಕು, ಕರ್ನಾಟಕದ್ದು ಕಮ್ಮಿ ಏನಲ್ಲ, ಕೆಎ ನಂಬರ್ ತಗೋಬೇಕು. ಗಾಡಿ ಬುಕ್ ಮಾಡೋ ಮುಂಚೆ ನಿಮ್ಮ ಆರ್‌ಟಿಒಗೆ ಹೋಗಿ ಟ್ಯಾಕ್ಸ್ ಎಷ್ಟಾಗುತ್ತೆ ಅಂತ ಕೇಳಿ, ಲಾರೀಲಿ ತರ್ಸೋ ಖರ್ಚು ಸೇರ್ಸಿ, ಎಷ್ಟೋ ಸಲ ಉಳಿತಾಯ ಅನ್ನೋದು ಅಲ್ಲೇ ಕರಗಿ ಹೋಗುತ್ತೆ. ಮಳೆ ನೀರಲ್ಲಿ ಮುಳುಗಿದ ಗಾಡಿನಾ ಅಂತ ನೋಡೋಕೆ ಸೀಟ್ ಬೆಲ್ಟನ್ನ ಕೊನೇವರ್ಗೂ ಎಳೀರಿ, ಕೆಳಗಿನ ಭಾಗದಲ್ಲಿ ಮಣ್ಣಿನ ಗೆರೆ ಇದ್ರೆ ಬೇಡ.

ಅದಕ್ಕಿಂತ ದೊಡ್ಡದು ಗೇರ್‌ಬಾಕ್ಸು. ಆ ಕಾರಲ್ಲಿರೋದು 7 ಸ್ಪೀಡ್ ಡಿಎಸ್‌ಜಿ, ಅಂದ್ರೆ ತಾನೇ ಗೇರ್ ಬದಲಾಯಿಸೋ ಗೇರ್‌ಬಾಕ್ಸು, ಡ್ರೈ ಕ್ಲಚ್ಚಿಂದು. ಒಳಗಿರೋ ಮೆಕಾಟ್ರಾನಿಕ್ಸ್ (ಗೇರು, ಕ್ಲಚ್ಚು ಆಡಿಸೋ ಕಂಟ್ರೋಲ್ ಯೂನಿಟ್ಟು) ಹೋದ್ರೆ ರಿಪೇರಿ ಬಿಲ್ಲು ಲಕ್ಷಗಳಲ್ಲೇ ಮಾತಾಡುತ್ತೆ. ಎಂಜಿನ್ 105 ಪಿಎಸ್ (ಬಿಎಚ್‌ಪಿ ಥರದ್ದೇ ಅಳತೆ), ಸೊಗಸಾಗಿ ಎಳೆಯುತ್ತೆ, ಅದರಲ್ಲಿ ಎರಡು ಮಾತಿಲ್ಲ, ಆದ್ರೆ ಕೈ ಕಲಿಯೋಕೆ ಅಂತ ತಗೊಳೋ ಗಾಡೀಲಿ ನೀವು ಬಿಚ್ಚೋಕಾಗದ ಪಾರ್ಟೇ ಅದರ ದೊಡ್ಡ ಕಾಯಿಲೆ ಆಗಿದ್ರೆ ಏನ್ ಕಲೀತೀರಾ? ಪೋಲೊನೇ ಆಗ್ಬೇಕು ಅಂದ್ರೆ ದುಡ್ಡು ಕೂಡಿಸಿ 2020ರ ಮೇಲಿನ 1.0 ಟಿಎಸ್‌ಐ ಮ್ಯಾನುವಲ್ ನೋಡಿ, 110 ಪಿಎಸ್ಸು, 6 ಗೇರು. ಅದನ್ನ ಪ್ರಾಜೆಕ್ಟ್ ಕಾರು ಅನ್ನೋಕಾಗಲ್ಲ, ಸುಮ್ನೆ ಒಳ್ಳೇ ಕಾರು.

ಪ್ರಶ್ನೆ: ನಮ್ಮ ಮಗ ಹಳೇ ಝೆನ್ ತಂದಿದಾನೆ, ಅದಕ್ಕೆ ಎಸ್ಟೀಮ್ ಎಂಜಿನ್ ಕೂರಿಸಿ ಜೋರು ಸೈಲೆನ್ಸರ್ ಹಾಕ್ತೀನಿ ಅಂತ ಕುಣೀತಿದಾನೆ. ಎಲ್ಲರೂ ಮಾಡ್ತಾರಮ್ಮ ಅಂತಾನೆ. ಪೊಲೀಸರು ಹಿಡಿಯಲ್ವಾ? — ಮೈಸೂರಿನ ತಾಯಿಯೊಬ್ಬರು

ಉತ್ತರ: ಎಲ್ಲರೂ ಮಾಡ್ತಾರೆ ಅನ್ನೋದೂ ನಿಜ, ಹಿಡೀತಾರೆ ಅನ್ನೋದೂ ನಿಜ ಅಮ್ಮ. ಆರ್‌ಸಿಯಲ್ಲಿರೋ ವಿವರ ಕಂಪನಿ ಮೊದಲು ಕೊಟ್ಟಿದ್ದಕ್ಕಿಂತ ಬೇರೆ ಆಗೋ ಹಾಗೆ ಗಾಡಿ ತಿದ್ದೋಹಾಗಿಲ್ಲ ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇದೆ, 2019ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹಿಡೀತು. ಅದೇ ವರ್ಷದ ತಿದ್ದುಪಡಿ ಪ್ರಕಾರ ಓನರ್ರಿಗೆ ಒಂದೊಂದು ಮಾರ್ಪಾಡಿಗೆ 5 ಸಾವಿರ ದಂಡ, ಆರು ತಿಂಗಳವರೆಗೆ ಜೈಲೂ ಆಗ್ಬಹುದು. ಆರ್‌ಸಿ ನಿಮ್ಮ ಹೆಸರಲ್ಲಿದ್ರೆ ಓನರ್ ಅಂದ್ರೆ ನೀವೇ, ಅದನ್ನ ಅವನಿಗೆ ಹೇಳಿ. ಝೆನ್ನಿನ ಬ್ರೇಕು ಅದರ ಒಂದು ಲೀಟರ್ ಎಂಜಿನ್ನಿಗೆ ಲೆಕ್ಕ ಹಾಕಿ ಕೊಟ್ಟಿದ್ದು, ಮೇಲಿಂದ ಪವರ್ ಕೂರಿಸಿ ಕೆಳಗೆ ಬ್ರೇಕು ಹಾಗೇ ಬಿಟ್ರೆ ಏನಾಗುತ್ತೆ ಅಂತ ಅವನಿಗೂ ಗೊತ್ತು. ಹುಡುಗನಿಗೆ ಸ್ಪೀಡೇ ಬೇಕಂದ್ರೆ ಕೊಯಮತ್ತೂರಿನ ಕರಿ ಸ್ಪೀಡ್‌ವೇ, ಚೆನ್ನೈ ಹತ್ರ ಇರುಂಗಾಟ್ಟುಕೋಟೈ ಟ್ರ್ಯಾಕು ಇದಾವೆ, ಹೆಲ್ಮೆಟ್ ಹಾಕ್ಕೊಂಡು ಅಲ್ಲಿ ಓಡ್ಸಲಿ. ಝೆನ್ನನ್ನ ಕಂಪನಿಯಿಂದ ಬಂದ ಹಾಗೇ ಮಾಡಿ ನಿಲ್ಸೋಕೆ ಹೇಳಿ, ಅದರಲ್ಲೇ ಅವನಿಗೆ ಒಂದು ವರ್ಷದ ಕೆಲಸ ಇದೆ.

ಪ್ರಶ್ನೆ: ಸ್ವಿಫ್ಟ್ 1.3 ಎಷ್ಟು ಮೈಲೇಜ್ ಕೊಡುತ್ತೆ? ಪಾಲಿಯೊ 1.6? — ಹಾಸನದ ಓದುಗರು

ಉತ್ತರ: ಊರೊಳಗೆ ಸ್ವಿಫ್ಟು 11, 12ರ ಆಸುಪಾಸು, ಪಾಲಿಯೊ 8, 9 ಕೊಟ್ರೆ ಖುಷಿ ಪಡ್ಬೇಕು. ಇದು ನಿಮ್ಮ ಮೊದಲ ಪ್ರಶ್ನೆ ಆಗಿದ್ರೆ 2010ರ ನಂತರದ 1.2 ಸ್ವಿಫ್ಟ್ ತಗೊಳ್ಳಿ ಸಾರ್, ಪವರ್ರಲ್ಲಿ 1.3ಕ್ಕಿಂತ ಒಂದೆರಡು ಕಮ್ಮಿ ಅಷ್ಟೇ, ಟೈಮಿಂಗ್ ಬೆಲ್ಟಿನ ಬದಲು ಚೈನು ಇರುತ್ತೆ, ಮನೇಲೂ ಬೈಯಲ್ಲ.