ನಿಂತ ಕಾರಿನ ಬಾಗಿಲು ತೆರೆದರೆ ಬೈಕ್ ಸವಾರರಿಗೆ ಅಷ್ಟೊಂದು ಅಪಾಯ ಯಾಕೆ?

ಬ್ರೇಕ್ ಹಿಡಿಯಲು ಸಮಯವೇ ಸಿಗುವುದಿಲ್ಲ, ಅದಕ್ಕೆ. ಗಂಟೆಗೆ 40 ಕಿ.ಮೀ. ವೇಗದ ಬೈಕು ಸೆಕೆಂಡಿಗೆ ಸುಮಾರು 11 ಮೀಟರ್ ಸಾಗುತ್ತದೆ. ಬಾಗಿಲು ಕಂಡು ಬ್ರೇಕ್ ಒತ್ತುವಷ್ಟರಲ್ಲೇ ಹೆಚ್ಚುಕಡಿಮೆ ಒಂದು ಸೆಕೆಂಡ್ ಹೋಗಿರುತ್ತದೆ. ಗಾಡಿ ನಿಲ್ಲಲು ಇನ್ನೂ ಹತ್ತು ಮೀಟರಿನಷ್ಟು ಬೇಕು.

ಆದರೆ ಎಷ್ಟೋ ಸಲ ಜೀವಕ್ಕೆ ಎರವಾಗುವುದು ಬಾಗಿಲಿನ ಪೆಟ್ಟಲ್ಲ, ಆಮೇಲೆ ಬೀಳುವುದು. ಹ್ಯಾಂಡಲ್ಲಿನ ಎಡತುದಿ ಬಾಗಿಲಿನ ಅಂಚಿಗೆ ತಗುಲಿದರೆ ಮುಂದಿನ ಚಕ್ರ ಥಟ್ಟನೆ ಎಡಕ್ಕೆ ತಿರುಗುತ್ತದೆ, ಗಾಡಿ ಬಲಕ್ಕೆ ಮಗುಚುತ್ತದೆ. ಸವಾರ ಬೀಳುವುದು ರಸ್ತೆಯ ನಡುವಿಗೆ, ಹಿಂದೆ ಬರುವ ಬಸ್ಸು ಲಾರಿಗಳ ದಾರಿಗೆ. ಹಾಸನದ ಬಿ.ಎಂ. ರಸ್ತೆಯಲ್ಲಿ ಅಂಗಡಿಗಳ ಮುಂದೆ ಕಾರುಗಳು ಸಾಲಾಗಿ ನಿಂತಾಗ ಬೈಕಿನವರಿಗೆ ಉಳಿಯುವುದು ಆ ಸಾಲಿಗೂ ಬಸ್ಸಿಗೂ ನಡುವಿನ ಇಕ್ಕಟ್ಟು ಜಾಗ. ತೆರೆದ ಬಾಗಿಲು ಅದರಲ್ಲೂ ಮೀಟರಿನಷ್ಟನ್ನು ನುಂಗುತ್ತದೆ.

ಕಾರಿನವರಿಗೆ ನನ್ನ ಕಳಕಳಿಯ ಮನವಿ: ಕನ್ನಡಿ ನೋಡಿ, ಬಲಬದಿಯ ಬಾಗಿಲನ್ನು ಎಡಗೈಯಿಂದ ತೆರೆಯಿರಿ. ಹಾಗೆ ಕೈ ಚಾಚಿದರೆ ಮೈ ತಾನಾಗಿ ಹೊರಳುತ್ತದೆ, ಹಿಂದೆ ಬರುವವರು ಕಣ್ಣಿಗೆ ಬೀಳುತ್ತಾರೆ. ಡಚ್ ರೀಚ್ ಎಂದು ಕರೆಯುವ ಈ ರೂಢಿಯನ್ನು ಬ್ರಿಟನ್ 2022ರಲ್ಲಿ ತನ್ನ ರಸ್ತೆ ನಿಯಮಾವಳಿಗೇ ಸೇರಿಸಿತು. ಮಕ್ಕಳನ್ನಂತೂ ಫುಟ್‌ಪಾತ್ ಕಡೆಯಿಂದಲೇ ಇಳಿಸಿ.

ಬೈಕಿನವರು ನಿಂತ ಕಾರುಗಳಿಂದ ಒಂದು ಬಾಗಿಲಿನ ಅಗಲವಾದರೂ ದೂರ ಇರಬೇಕು. ಅಷ್ಟು ಜಾಗವಿಲ್ಲದಿದ್ದರೆ ವೇಗ ಇಳಿಸಿ. ಡ್ರೈವರ್ ಸೀಟಿನಲ್ಲಿ ತಲೆ ಕಂಡರೆ, ಬ್ರೇಕ್ ಲೈಟು ಆಗಷ್ಟೇ ಆರಿದ್ದರೆ, ಆ ಬಾಗಿಲು ತೆರೆಯುತ್ತದೆ ಎಂದೇ ಎಣಿಸಿ.